ಸಮಾಧಿಗೆ ಬದಲಿ ನಿವೇಶನವಿಲ್ಲ

ನಗರವು ಬೆಳೆಯುವಾಗ ಹಳೆಯ ಸ್ಮಶಾನಗಳು ಅದರ ದಾರಿಗೆ ಅಡ್ಡ ಬರುವುದು ಅನಿವಾರ್ಯವೆಂದೂ, ಹಾಗೆ ಅಡ್ಡ ಬಂದ ಸಮಾಧಿಗಳನ್ನು ವಿಧಿಪೂರ್ವಕವಾಗಿ ತೆಗೆದು ಊರ ಹೊರಗಣ ಹೊಸ ಭೂಮಿಯಲ್ಲಿ ನೆಲೆಗೊಳಿಸಿದರೆ ಸತ್ತವರಿಗೆ ಅಪಚಾರವಾಗದೆ ಬದುಕಿರುವವರಿಗೆ ಅನುಕೂಲವಾಗುವುದೆಂದೂ, ಇದಕ್ಕೆ ಒಡಂಬಡದವರು ಒಂದೋ ಭಾವುಕರು, ಇಲ್ಲವೆ ಪರಿಹಾರದ ಮೊತ್ತವನ್ನು ಏರಿಸಲು ಹೊಂಚುಹಾಕಿರುವ ಚತುರರೆಂದೂ ನಮ್ಮ ವಿದ್ಯಾವಂತರಲ್ಲಿ ಈಗ ಒಂದು ಅಭಿಪ್ರಾಯ ನೆಲೆಗೊಂಡಿದೆ. ನೋಡುವುದಕ್ಕೆ ಇದು ಸಜ್ಜನರ ಅಭಿಪ್ರಾಯ. ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ, ಯಾವ ಮತದ ನಿಂದೆಯೂ ಇಲ್ಲ, ವಿಧಿಗಳಿಗೆಂದು ಅಂದಾಜುಪಟ್ಟಿಯಲ್ಲಿ ಒಂದಿಷ್ಟು ಹಣವನ್ನೂ ಎತ್ತಿಡಲಾಗಿರುತ್ತದೆ. ಆದರೂ ಇದು ಬುಡದಿಂದ ತುದಿಯವರೆಗೆ ತಪ್ಪಾದ ಅಭಿಪ್ರಾಯವೆಂಬುದೂ, ಸಮಾಧಿಯ ಸ್ಥಳಾಂತರವೆಂಬುದು ಸಂರಕ್ಷಣೆಯ ಒಂದು ಬಗೆಯಲ್ಲದೆ ವಿನಾಶದ ಒಂದು ಬಗೆಯೆಂಬುದೂ, ಅದರಲ್ಲಿಯೂ ತಾನು ವಿನಾಶವೆಂದು ಒಪ್ಪಿಕೊಳ್ಳದ ಬಗೆಯಾದ್ದರಿಂದ ಹೆಚ್ಚು ಹಾನಿಕರವೆಂಬುದೂ ನನ್ನ ವಾದ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಸುತ್ತಿನಿಂದ ಈ ಪ್ರಶ್ನೆಯನ್ನು ನೋಡಿದರೆ ಅದು ನಗರದವರಿಗೆ ಕಾಣುವಂತೆ ಕಾಣುವುದಿಲ್ಲ. ನಗರದವನಿಗೆ ಸ್ಮಶಾನವೆಂದರೆ ಕಾಂಪೌಂಡು ಗೋಡೆಯಿರುವ, ಕಬ್ಬಿಣದ ಗೇಟಿರುವ ಒಂದು ಆವರಣ. ಈ ಸೀಮೆಯಲ್ಲಿ ಹೊಲವುಳ್ಳ ಮನೆತನದವರು ತಮ್ಮ ಹಿರಿಯರನ್ನು ಮಣ್ಣು ಮಾಡುವುದು ಬಹುಮಟ್ಟಿಗೆ ತಮ್ಮದೇ ಹೊಲದ ಒಂದು ಮೂಲೆಯಲ್ಲಿ. ಕಬ್ಬಿನ ಗದ್ದೆಯ ಅಂಚಿನಲ್ಲಿ, ಎರಡು ತೆಂಗಿನ ಮರಗಳ ನಡುವೆ, ಮೊಣಕಾಲೆತ್ತರದ ಒಂದು ಕಟ್ಟೆ. ಅದರ ತಲೆಯ ಕಡೆ ದೀಪವಿಡಲು ಒಂದು ಗೂಡು. ಅನುಕೂಲಸ್ಥರಾದರೆ ನಯವಾದ ಕಪ್ಪು ಕಲ್ಲಿನ ಮೇಲೆ ಹೆಸರು, ಜನನ, ಮರಣ. ಇಲ್ಲವಾದರೆ ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಗೀರಿದ ನಾಲ್ಕಾರು ಅಕ್ಷರ. ಮೂರನೆಯ ದಿನವೋ ಐದನೆಯ ದಿನವೋ ಅಲ್ಲಿ ಹಾಲುತುಪ್ಪ ಬಿಟ್ಟಿರುತ್ತಾರೆ. ಪಕ್ಷದ ಕಾಲದಲ್ಲಿ ಕಟ್ಟೆಗೆ ಸುಣ್ಣ ಬಳಿದು ಎಡೆಯಿಡುತ್ತಾರೆ. ಎಡೆಯಲ್ಲಿ ಮುದ್ದೆಯೂ ಬಾಡಿನ ಸಾರೂ ಅಲ್ಲದೆ, ಆ ಹಿರಿಯನಿಗೆ ಪ್ರಿಯವಾಗಿದ್ದ ಒಂದು ಕಟ್ಟು ಬೀಡಿಯೂ ಇರುವುದುಂಟು. ವರ್ಷದ ಮಿಕ್ಕ ದಿನಗಳಲ್ಲಿ ಅದೇ ಕಟ್ಟೆಯ ಮೇಲೆ ನೀರು ಕಟ್ಟುವವನು ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾನೆ, ಗುದ್ದಲಿಯನ್ನು ಒರಗಿಸುತ್ತಾನೆ, ಒಗೆದ ಪಂಚೆಯನ್ನು ಹರವುತ್ತಾನೆ. ಇದನ್ನು ಕಂಡು ನಗರದ ಅತಿಥಿಯು ಇವರಿಗೆ ಸಮಾಧಿಯ ಮೇಲೆ ಭಕ್ತಿಯಿಲ್ಲವೆಂದು ತಿಳಿದರೆ ಅವನು ಮೋಸಹೋದಂತೆಯೇ ಸರಿ. ಸತ್ತವನು ತಾನು ಗೇಯ್ದ ನೆಲದಲ್ಲಿ, ತಾನು ತೋಡಿಸಿದ ಬಾವಿಯ ಹತ್ತಿರ, ಮೊಮ್ಮಕ್ಕಳ ಓಡಾಟದ ನಡುವೆ ಇದ್ದಾನೆಂಬ ಭಾವನೆಯೇ ಅಲ್ಲಿಯ ಭಕ್ತಿ. ಆ ಹೊಲವನ್ನು ಕಳೆದು ಉಳಿದ ಕಟ್ಟೆಗೆ ಅರ್ಥವೇನೂ ಇಲ್ಲ.

ಈ ಹೊಲದ ಮೇಲೆ ರಸ್ತೆಯು ಹಾಯುವುದೆಂದು ನಿರ್ಧಾರವಾಯಿತೆನ್ನಿ. ಇದು ಕೇವಲ ಕಲ್ಪನೆಯಲ್ಲ. 2023ರ ಮಾರ್ಚಿನಲ್ಲಿ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ದಶಪಥವು ಈ ಸೀಮೆಯ ಹೊಲಗದ್ದೆಗಳ ನಡುವೆಯೇ ಹಾದುಹೋಗಿದೆ. 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ನೆಲಕ್ಕೆ ಬೆಲೆಯುಂಟು. ನೆಲಕ್ಕೆ ಅಂಟಿಕೊಂಡ ಕಟ್ಟಡಕ್ಕೆ ಇಂಜಿನಿಯರು ಬೆಲೆ ಕಟ್ಟುತ್ತಾನೆ. ಮರಗಿಡಗಳಿಗೆ ತೋಟಗಾರಿಕೆಯಲ್ಲಿ ಅನುಭವವುಳ್ಳವರು ಬೆಲೆ ಕಟ್ಟುತ್ತಾರೆ. ಹೀಗಾಗಿ ಸಿಮೆಂಟಿನ ಕಟ್ಟೆಗೆ ಒಂದು ಬೆಲೆ ಬಂದೀತು, ಪಕ್ಕದ ತೆಂಗಿನ ಮರಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆಯೂ ಬಂದೀತು. ಕಟ್ಟೆಯ ಕೆಳಗೆ ಮಲಗಿದವನು ಯಾವ ಕಲಮಿನಲ್ಲಿಯೂ ಬರುವುದಿಲ್ಲ. ಅದೇ ಕಾನೂನಿನ ಮೂರನೆಯ ಅನುಸೂಚಿಯು, ಜನರನ್ನು ಹೊಸ ಊರಿಗೆ ಎಬ್ಬಿಸಿದಾಗ ಅಲ್ಲಿಯ ಜಾತಿ ಸಮುದಾಯಗಳ ಪದ್ಧತಿಗೆ ತಕ್ಕಂತೆ ಹೂಳುವ ಅಥವಾ ಸುಡುವ ಸ್ಥಳವನ್ನು ಒದಗಿಸಬೇಕೆಂದು ವಿಧಿಸುತ್ತದೆ. ಒಳ್ಳೆಯದೇ, ಆದರೆ ಅದು ಇನ್ನು ಮುಂದೆ ಸಾಯುವವರಿಗೆ ಮಾಡಿದ ವ್ಯವಸ್ಥೆಯೇ ಹೊರತು ಈಗಾಗಲೇ ಸತ್ತವರಿಗಲ್ಲ. ಈ ಕೊರತೆಯನ್ನು ತುಂಬುವುದಕ್ಕೆಂದೇ ಸ್ಥಳಾಂತರವಾದಿಗಳು ತಮ್ಮ ಔದಾರ್ಯದೊಡನೆ ಮುಂದೆ ಬರುತ್ತಾರೆ.

ಆ ಔದಾರ್ಯದ ಫಲವನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ. ಶ. 949–50ರಲ್ಲಿ ನಿಲ್ಲಿಸಿದ ಒಂದು ಕಲ್ಲಿತ್ತು. ಗಂಗರ ಬೂತುಗನ ಆಳಾದ ಮಣಲೇರನು, ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿ ಒಡೆಯನ ಮೆಚ್ಚುಗೆ ಪಡೆದನು. ಏನು ಬೇಕೋ ಕೇಳೆಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ಒಂದು ನಾಯಿಯನ್ನು ಕೇಳಿದನು. ಆ ಕಾಳಿಯು ಈ ಸೀಮೆಯ ಗುಡ್ಡದ ಮಗ್ಗುಲಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದುಕೊಂಡವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಮೇಲೆ ನಾಯಿ ಹಂದಿಗಳ ಕಾದಾಟವನ್ನು ಕೆತ್ತಿ, ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪಕ್ಕೆ ಗುರಿಯಾಗುವನೆಂದೂ ಬರೆಸಿದರು. ಒಂದು ಸಾಮ್ರಾಜ್ಯದ ಮಹಾಯುದ್ಧವೂ ಒಂದು ಬೇಟೆನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಸಮಾನ ಗಾಂಭೀರ್ಯದಿಂದ ಬರೆಯಲ್ಪಟ್ಟಿರುವ ಇಂತಹ ಲೇಖ ಕನ್ನಡದಲ್ಲಿ ಇನ್ನೊಂದಿರುವುದು ನನಗೆ ತೋರದು.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಮಳೆಗೆ ನೆನೆಯುವುದಿಲ್ಲ, ಯಾರೂ ಅದರ ಮೇಲೆ ಕತ್ತಿ ಮಸೆಯುವುದಿಲ್ಲ; ವಿದ್ವಾಂಸರು ಬಂದು ಓದುತ್ತಾರೆ, ಶಾಲೆಯ ಮಕ್ಕಳು ಸಾಲಾಗಿ ನಡೆದುಹೋಗುತ್ತಾರೆ. ಸ್ಥಳಾಂತರದಿಂದ ಲಾಭವಾದುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಬೇಕೇ ಎಂದು ಎದುರಾಳಿಯು ಕೇಳಿಯಾನು. ನಾನು ಅದೇ ದೃಷ್ಟಾಂತವನ್ನು ಹಿಡಿದು ಕೇಳುತ್ತೇನೆ: ಉಳಿದುದು ಯಾವುದು? ಅಕ್ಷರಗಳು ಉಳಿದವು, ಆದರೆ ಅಕ್ಷರಗಳು ಶಾಸನಸಂಪುಟದಲ್ಲಿ ಅಚ್ಚಾಗಿ ಎಂದೋ ಉಳಿದಿದ್ದವು. ಕಲ್ಲು ಕೇಳಿದ್ದು ತನ್ನನ್ನು ಓದಬೇಕೆಂದಲ್ಲ, ಇಂಥ ಊರಿನಲ್ಲಿ, ಇಂಥ ದೇವರ ಮುಂದೆ, ಇಂಥ ಭೂಮಿಯ ಫಲದಿಂದ ತನಗೆ ಪೂಜೆ ನಡೆಯಬೇಕೆಂದು. ಊರು, ದೇವರು, ಭೂಮಿ ಮೂರನ್ನೂ ಬಿಟ್ಟು ಕಲ್ಲೊಂದನ್ನು ಗಾಡಿಗೇರಿಸಿದಾಗ ಆ ಲೇಖನವು ತನ್ನ ವಿಷಯವನ್ನೇ ಕಳೆದುಕೊಂಡಿತು. ಕಲ್ಲನ್ನು ಹಿಂದಕ್ಕೆ ತಂದು ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಈಗಿನ ಸ್ಥಿತಿಯಲ್ಲಿ ಅದು ಕಳ್ಳರಿಗೆ ಆಮಂತ್ರಣವಾದೀತು. ಆದರೆ ಅದನ್ನು ಒಂದು ವಸ್ತುವಿನ ರಕ್ಷಣೆಯೆಂದು ಕರೆಯಿರಿ, ಸ್ಮಾರಕದ ರಕ್ಷಣೆಯೆಂದು ಕರೆಯಬೇಡಿರಿ. ಮದ್ದೂರಿನ ಸಂತೆಯಲ್ಲಿ ಹತ್ತು ಮಂದಿಯನ್ನು ನಿಲ್ಲಿಸಿ ಕಾಳಿಯ ಕಥೆಯನ್ನು ಕೇಳಿ ನೋಡಿ; ಎಷ್ಟು ಮಂದಿ ಹೇಳುತ್ತಾರೋ ಎಂಬುದರಲ್ಲಿ ನನಗಂತೂ ಹೆಚ್ಚಿನ ಭರವಸೆಯಿಲ್ಲ.

ಇಲ್ಲಿ ಕಟ್ಟಡಗಳ ಮಾತನ್ನು ತಂದು ಗೊಂದಲವೆಬ್ಬಿಸುವವರಿದ್ದಾರೆ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ಹೊಸದಾಗಿ ಕಟ್ಟಲಿಲ್ಲವೇ, ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಮಿಗಿಲಾದ ದೂರಕ್ಕೆ ಸರಿಸಲಿಲ್ಲವೇ ಎನ್ನುತ್ತಾರೆ. ಸರಿಸಿದರು, ಚೆನ್ನಾಗಿಯೇ ಸರಿಸಿದರು. ಗುಡಿಯಲ್ಲಿ ದೇವರನ್ನು ಆವಾಹನೆ ಮಾಡುವ ಶಾಸ್ತ್ರವಿದೆ, ಕಲೆಯನ್ನು ಕದಲಿಸಿ ಬೇರೆಡೆ ತುಂಬುವ ಶಾಸ್ತ್ರವೂ ಇದೆ. ಮದ್ದಿನ ಮನೆಗೆ ಅದರ ಗೋಡೆ ಕಮಾನುಗಳೇ ಸರ್ವಸ್ವ. ಸಮಾಧಿಯಲ್ಲಿ ಕಟ್ಟಡವೆಂಬುದು ಗುರುತು ಮಾತ್ರ. ಗುರುತಿಸಲ್ಪಟ್ಟದ್ದು ಮಣ್ಣಿನೊಡನೆ ಮಣ್ಣಾಗಿದೆ. ನೂರು ವರ್ಷ ಕಳೆದ ಮೇಲೆ ಈ ಕೆಂಪುಮಣ್ಣಿನಲ್ಲಿ ಎಷ್ಟು ಮೂಳೆ ಉಳಿದಿರುತ್ತದೆಂಬುದನ್ನು ಗುಣಿ ತೋಡುವವರನ್ನು ಕೇಳಿದರೆ ಅವರು ಇಂಜಿನಿಯರಿಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ತೆಗೆದುಕೊಡುವುದು ಒಂದು ಬುಟ್ಟಿ ಮಣ್ಣು. ಮಿಕ್ಕ ಮನುಷ್ಯನು ಡಾಂಬರಿನ ಕೆಳಗೇ ಇರುತ್ತಾನೆ.

ಇತಿಹಾಸದಿಂದಲೂ ಒಂದು ಆಕ್ಷೇಪವನ್ನು ಎತ್ತಬಹುದು, ಅದು ಸ್ವಲ್ಪ ಬಲವಾದದ್ದು. ಹೈದರಾಲಿಯು 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ದಂಡಿನಲ್ಲಿರುವಾಗ ತೀರಿಕೊಂಡನು. ಅವನ ದೇಹವನ್ನು ಮೊದಲು ಕೋಲಾರದಲ್ಲಿ, ಅವನ ತಂದೆಯ ಗೋರಿಯಿದ್ದೆಡೆಯಲ್ಲಿಟ್ಟು, ಅನಂತರ ಶ್ರೀರಂಗಪಟ್ಟಣಕ್ಕೆ ತಂದು ಟಿಪ್ಪುವು ಕಟ್ಟಿಸಿದ ಗುಂಬಜಿನಲ್ಲಿ ಇರಿಸಲಾಯಿತು. ಆದ್ದರಿಂದ ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧವಾದ ಸಮಾಧಿಯೇ ಸ್ಥಳಾಂತರಗೊಂಡ ಸಮಾಧಿಯೆಂದು ಎದುರಾಳಿಯು ಜಯಘೋಷ ಮಾಡಬಹುದು. ಆದರೆ ಅಲ್ಲಿ ಎತ್ತಿದವನು ಮಗ. ಎತ್ತಿದ್ದು ದೇಹವಿನ್ನೂ ದೇಹವಾಗಿದ್ದಾಗ. ಕೊಂಡೊಯ್ದದ್ದು ಮೃತನು ಆಳಿದ ರಾಜಧಾನಿಗೆ. ಸತ್ತವನನ್ನು ಅವನು ಸೇರಬೇಕಾದ ಸ್ಥಳಕ್ಕೆ ತಲುಪಿಸಿದ್ದು ಅದು, ಸೇರಿದ ಸ್ಥಳದಿಂದ ಎಬ್ಬಿಸಿದ್ದಲ್ಲ. ಮುಖ್ಯಮಂತ್ರಿಯಾಗಿ, ರಾಜ್ಯಪಾಲರಾಗಿ, ವಿದೇಶಾಂಗ ಸಚಿವರಾಗಿ ದೇಶವಿದೇಶಗಳನ್ನು ಸುತ್ತಿದ ಎಸ್. ಎಂ. ಕೃಷ್ಣ ಅವರು 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದಾಗ ಅಂತ್ಯಸಂಸ್ಕಾರಕ್ಕೆ ಅವರನ್ನು ತಂದದ್ದು ಹುಟ್ಟೂರಾದ ಇದೇ ಸೋಮನಹಳ್ಳಿಗೆ. ಬೆಂಗಳೂರಿನಲ್ಲಿ ಜಾಗ ಸಿಗದೆ ತಂದರೆಂದು ಯಾರೂ ಹೇಳಲಾರರು. ಸ್ಥಳವು ಲೆಕ್ಕಕ್ಕಿಲ್ಲವೆಂಬ ಮಾತು ಅನಾಮಧೇಯರ ಗೋರಿಗಳ ವಿಷಯದಲ್ಲಿ ಮಾತ್ರ ಹೊರಡುತ್ತದೆಂಬುದನ್ನು ಗಮನಿಸಬೇಕು.

ಪರದೇಶಗಳಲ್ಲಿ ಈ ಕೆಲಸವನ್ನು ಶಿಸ್ತಿನಿಂದ ಮಾಡುತ್ತಾರೆಂಬ ನಂಬಿಕೆ ನಮ್ಮವರಲ್ಲಿ ಗಾಢವಾಗಿದೆ. ಅಮೆರಿಕದ ಡೆನ್ವರ್ ನಗರವು ತನ್ನ ಮೊದಲ ನಿವಾಸಿಗಳಾದ ವಲಸಿಗರು ಮಲಗಿದ್ದ ಸ್ಮಶಾನವನ್ನು ಉದ್ಯಾನವಾಗಿಸಲು 1893ರಲ್ಲಿ ಒಬ್ಬ ಗುತ್ತಿಗೆದಾರನಿಗೆ ಪೆಟ್ಟಿಗೆಯೊಂದಕ್ಕೆ 1 ಡಾಲರ್ 90 ಸೆಂಟಿನಂತೆ ಕೆಲಸ ವಹಿಸಿತು. ಹಣವು ಪೆಟ್ಟಿಗೆಯ ಲೆಕ್ಕದಲ್ಲಿ ಬರುವುದೆಂದು ತಿಳಿದ ಆ ಮಹಾಶಯನು ಮಕ್ಕಳ ಅಳತೆಯ ಪೆಟ್ಟಿಗೆಗಳನ್ನು ತರಿಸಿ, ಒಂದೊಂದು ಕಳೇಬರವನ್ನು ತುಂಡರಿಸಿ ಹಲವು ಪೆಟ್ಟಿಗೆಗಳಿಗೆ ತುಂಬಿದನು. ಪತ್ರಿಕೆಯಲ್ಲಿ ಅದು ಬಯಲಾಗಿ ಗುತ್ತಿಗೆ ರದ್ದಾಯಿತು. ಸುಮಾರು 2,000 ಮಂದಿ ಈಗಲೂ ಆ ಉದ್ಯಾನದ ಹುಲ್ಲಿನ ಕೆಳಗಿದ್ದಾರೆಂದು ಲೆಕ್ಕವಿದೆ. ಸ್ಯಾನ್‌ಫ್ರಾನ್ಸಿಸ್ಕೊ ನಗರವಾದರೋ ಇನ್ನೂ ಕ್ರಮಬದ್ಧವಾಗಿ ನಡೆದುಕೊಂಡಿತು. ಮೊದಲು ಊರೊಳಗೆ ಹೂಳುವುದನ್ನು ನಿಷೇಧಿಸಿ, ಬಳಿಕ ಸ್ಮಶಾನಗಳನ್ನೇ ಕೊಲ್ಮಾ ಎಂಬ ಪಕ್ಕದೂರಿಗೆ ಸಾಗಿಸಿತು. ಲಾರೆಲ್ ಹಿಲ್ ಎಂಬ ಒಂದು ಸ್ಮಶಾನದಿಂದಲೇ ಸಾಗಿಸಿದ ಸುಮಾರು 35,000 ಮಂದಿ ಅಲ್ಲಿ ಒಂದೇ ದಿಬ್ಬದ ಕೆಳಗೆ ಒಟ್ಟಿಗಿದ್ದಾರೆ. ವಾರಸುದಾರರು ಬಂದು ಹಣ ಕಟ್ಟಿ ಒಯ್ಯದ ಹೆಸರುಕಲ್ಲುಗಳು ಕಡಲ ತಡೆಗೋಡೆಗೂ ಉದ್ಯಾನದ ಚರಂಡಿಗೂ ಹೋದವು; ಕೆಲವು ಕಡೆ ಅಕ್ಷರಗಳು ಇನ್ನೂ ಮೇಲ್ಮುಖವಾಗಿ ಕಾಣುತ್ತವೆಯಂತೆ. ಆ ನಗರವನ್ನು ಕಟ್ಟಿದವರಿಗೆ ಆ ನಗರವು ಸಲ್ಲಿಸಿದ ಗೌರವ ಇಷ್ಟು. ಇಲ್ಲಿ ದುಷ್ಟನಾದ ಗುತ್ತಿಗೆದಾರನೊಬ್ಬನಿಂದ ಕೆಲಸ ಕೆಟ್ಟಿತೆಂದು ಹೇಳುವಂತಿಲ್ಲ. ಡೆನ್ವರಿನಲ್ಲಿ ವಂಚನೆಯಿತ್ತು, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಾನೂನಿತ್ತು. ಹೆಸರಿಗೂ ದೇಹಕ್ಕೂ ಇದ್ದ ಸಂಬಂಧವು ಎರಡು ಕಡೆಯೂ ತುಂಡಾಯಿತು.

ನಮ್ಮ ಬೆಂಗಳೂರು ಇಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ದಂಡು ಹಾಕಿದ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆಯ ಬಳಿ ಹೂಳಲಾಗಿತ್ತು. ರಾಬರ್ಟ್ ಹೋಮ್ ಎಂಬ ಚಿತ್ರಕಾರನು 1794ರಲ್ಲಿ ಹೊರಬಂದ ತನ್ನ ಮೈಸೂರು ದೃಶ್ಯಗಳ ಸಂಪುಟದಲ್ಲಿ ಆ ಸ್ಮಶಾನದ ಚಿತ್ರವನ್ನು ಕೊಟ್ಟಿದ್ದಾನೆ. ಇಂದು ಆ ಸ್ಮಶಾನವಿಲ್ಲ. ಮೈಸೂರು ಯುದ್ಧಗಳಲ್ಲಿ ಮಡಿದವರ ನೆನಪಿಗೆ ಊರಿನಲ್ಲಿ ನಿಂತಿದ್ದ ಸ್ಮಾರಕಸ್ತಂಭವನ್ನೂ 1964ರಲ್ಲಿ ಕೆಡವಲಾಯಿತು. ಅದರ ಹೆಸರು ಹೊತ್ತಿದ್ದ ರಸ್ತೆ ಈಗ ನೃಪತುಂಗ ರಸ್ತೆಯಾಗಿದೆ. ನೃಪತುಂಗನ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಕಾರ್ನ್‌ವಾಲಿಸನ ದಂಡಿನ ಬಗ್ಗೆ ಅನುಕಂಪವೂ ಇಲ್ಲ. ಆ ದಂಡು ಬೆಂಗಳೂರಿನ ಪೇಟೆಯನ್ನು ಹೇಗೆ ಸೂರೆ ಮಾಡಿತೆಂಬುದು ತಿಳಿದದ್ದೇ. ಆದರೆ ಶತ್ರುವಿನ ಗೋರಿಯೂ ನಮ್ಮ ಇತಿಹಾಸದ ಸಾಕ್ಷಿ. ಸಾಕ್ಷಿಯನ್ನು ಅಳಿಸಿದರೆ ನಷ್ಟವಾಗುವುದು ಶತ್ರುವಿಗಲ್ಲ. ಇದಕ್ಕೆ ಎದುರಾಗಿ ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನು ನೋಡಿ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಸಮಾಧಿಯೆಂದು ಅಲ್ಲಿಯ ಒಂದು ಕಟ್ಟಡವು 2015ರಲ್ಲಿ ಗುರುತಿಸಲ್ಪಟ್ಟಿತು. ಅಷ್ಟು ಕಾಲ ಅದು ಯಾರ ಗಮನಕ್ಕೂ ಬಾರದೆ, ಯಾವ ಸಮಿತಿಯ ಆಶ್ರಯವೂ ಇಲ್ಲದೆ ಹಾಗೆಯೇ ಇತ್ತು. ಆ ಅಲಕ್ಷ್ಯದಿಂದ ಅದು ಉಳಿಯಿತು. ಯಾರಾದರೂ ಆಸಕ್ತರು ನೂರು ವರ್ಷದ ಹಿಂದೆ ಅಲ್ಲಿಯ ಬರೆಹದ ಕಲ್ಲನ್ನು ಕಿತ್ತು ಒಳ್ಳೆಯ ಜಾಗದಲ್ಲಿ ನೆಟ್ಟಿದ್ದರೆ ಇಂದು ನಮ್ಮ ಕೈಯಲ್ಲಿ ಒಂದು ಕಲ್ಲಿರುತ್ತಿತ್ತು, ಸಮಾಧಿಯಿರುತ್ತಿರಲಿಲ್ಲ. 108 ಅಡಿಯ ಪ್ರತಿಮೆಯನ್ನು ವಿಮಾನನಿಲ್ದಾಣದಲ್ಲಿ ಬೇಕಾದರೂ ನಿಲ್ಲಿಸಬಹುದು, ನಿಲ್ಲಿಸಿದ್ದೇವೆ. ಸಮಾಧಿಯನ್ನು ಮಾತ್ರ ಕೆಂಪಾಪುರಕ್ಕೆ ಹೋಗಿಯೇ ನೋಡಬೇಕು.

ವೇದಾಂತದ ವಾದವೊಂದು ಉಳಿಯಿತು. ದೇಹವು ಹಳೆಯ ಬಟ್ಟೆ, ಆತ್ಮಕ್ಕೆ ಊರಿಲ್ಲ, ಸತ್ತವನು ಎಂದೋ ಹೊರಟುಹೋದ ಮೇಲೆ ಮೂಳೆಯ ಮೇಲೆ ಮಮಕಾರವೇಕೆ ಎಂದು ಕಚೇರಿಯ ಮೇಜಿನ ಹಿಂದೆ ಕುಳಿತು ಉಪದೇಶ ಮಾಡುವವರನ್ನು ಕಂಡವರಿಗೆ ಗೊತ್ತು, ಈ ತತ್ತ್ವವು ಯಾವಾಗಲೂ ಪರರ ಹಿರಿಯರಿಗೇ ಅನ್ವಯಿಸುವುದು. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ದುಷ್ಕರ್ಮಿಗಳು ರಾತ್ರಿಯಲ್ಲಿ ಒಡೆದು ಹಾಕಿದಾಗ ಭಕ್ತರು ಬಂದು ಮರುದಿನದೊಳಗೆ ಅದೇ ಸ್ಥಳದಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ತುಂಗಭದ್ರೆಯ ನಡುವಣ ಆ ನಡುಗಡ್ಡೆಗಿಂತ ಕ್ಷೇಮವಾದ, ಕಾವಲಿರುವ, ದೋಣಿ ಹತ್ತದೆ ತಲುಪಬಹುದಾದ ಎಷ್ಟೋ ಸ್ಥಳಗಳಿದ್ದವು. ವೇದಾಂತವನ್ನು ಬಾಯಿಪಾಠ ಮಾಡಿದವರೇ ಅಲ್ಲಿ ಸೇರಿದ್ದರು. ಬದಲಿ ಸ್ಥಳದ ಮಾತನ್ನು ಒಬ್ಬರೂ ಎತ್ತಲಿಲ್ಲ. ಅವರು ಮಾಡಿದ್ದು ಸರಿ. ಯತಿಗಳ ವೃಂದಾವನಕ್ಕೆ ಸಲ್ಲುವ ಈ ನ್ಯಾಯವು ಕಬ್ಬಿನ ಗದ್ದೆಯ ಅಂಚಿನ ಒಕ್ಕಲಿಗನ ಕಟ್ಟೆಗೂ, ಊರ ತುದಿಯ ಗುಂಡುತೋಪಿನ ಪಕ್ಕ ಗುರುತೂ ಇಲ್ಲದೆ ಮಲಗಿರುವ ದಲಿತನ ಗುಣಿಗೂ ಏಕೆ ಸಲ್ಲಬಾರದು?

ಈ ಕೊನೆಯವನ ಸ್ಥಿತಿಯನ್ನು ಹೇಳದೆ ಹೋದರೆ ನನ್ನ ವಾದವೂ ಹೊಲವುಳ್ಳವರ ವಾದವಾದೀತು. ಹೊಲವಿಲ್ಲದವನಿಗೆ ಹೊಲದ ಮೂಲೆಯಿಲ್ಲ; ಅವನಿಗಿರುವುದು ಸರ್ಕಾರಿ ಸ್ಮಶಾನ, ಅದೂ ಇದ್ದರೆ. ಒತ್ತುವರಿಯಾಗುವುದು ಮೊದಲು ಅದು, ರಸ್ತೆಯ ನಕಾಶೆಯಲ್ಲಿ ಗೆರೆಯು ಬಾಗಿ ಬರುವುದೂ ಅದರ ಮೇಲೆಯೇ, ಏಕೆಂದರೆ ಅಲ್ಲಿ ಪರಿಹಾರ ಕೇಳುವ ಖಾತೆದಾರನಿಲ್ಲ. ಜೀವಂತರ ಅನುಕೂಲಕ್ಕಾಗಿ ಸತ್ತವರು ಸರಿಯಬೇಕೆಂಬ ಮಾತಿನ ಹಿಂದೆ ಯಾವ ಜೀವಂತರ ಅನುಕೂಲ, ಯಾವ ಸತ್ತವರ ಸರಿಯುವಿಕೆ ಎಂಬ ಪ್ರಶ್ನೆ ಹೀಗೆ ಅಡಗಿದೆ. ಸಕ್ಕರೆ ಕಾರ್ಖಾನೆಗೂ ಕಲ್ಯಾಣಮಂಟಪಕ್ಕೂ ಅಂಜಿ ಗೆರೆಯನ್ನು ಬಾಗಿಸಬಲ್ಲ ಇಂಜಿನಿಯರು ಸ್ಮಶಾನದ ಮುಂದೆ ಮಾತ್ರ ರೇಖಾಗಣಿತದ ಕಟ್ಟುನಿಟ್ಟನ್ನು ಪಾಲಿಸುತ್ತಾನೆ.

ಹಾಗಾದರೆ ರಸ್ತೆಗಳೇ ಬೇಡವೇ ಎಂದು ಕೇಳುವವರಿಗೆ ಉತ್ತರವು ಸುಲಭ. ರಸ್ತೆ ಬೇಕು, ಗೆರೆಯನ್ನು ಬಾಗಿಸಬಹುದಾದಲ್ಲಿ ಬಾಗಿಸಿರಿ, ಮೇಲುಸೇತುವೆಯ ಕಂಬಗಳ ನಡುವೆ ಸಮಾಧಿಯು ಇರಬಹುದಾದಲ್ಲಿ ಇರಗೊಡಿರಿ. ಎರಡೂ ಆಗದಲ್ಲಿ, ನಾವು ಇಲ್ಲಿ ಇಂಥವರ ಸಮಾಧಿಯನ್ನು ನಾಶಮಾಡಿದೆವು ಎಂದು ಸರ್ಕಾರವು ತನ್ನ ಕಾಗದದಲ್ಲಿ ಬರೆಯಲಿ. ಸ್ಥಳಾಂತರಿಸಿದೆವು ಎಂದು ಬರೆಯುವುದು ಬೇಡ. ಮೋಜಿಣಿದಾರನು ಸರ್ವೆ ನಂಬರು, ಹದ್ದು, ಅಳತೆಗಳೊಡನೆ ಪ್ರತಿಯೊಂದು ಸಮಾಧಿಯನ್ನೂ ನಕಾಶೆಯಲ್ಲಿ ಗುರುತಿಸಲಿ. ಮನೆಯವರು ಹೇಳಿದ ಹೆಸರನ್ನು, ಹೆಸರು ಗೊತ್ತಿಲ್ಲದಿದ್ದರೆ ಇಂಥವರ ಮನೆಯ ಹಿರಿಯನೆಂಬುದನ್ನು ದಾಖಲಿಸಲಿ. ಪಹಣಿಯ 11ನೆಯ ಕಲಮಿನಲ್ಲಿ ಭೂಮಿಯ ಮೇಲಣ ಇತರ ಹಕ್ಕುಗಳೂ ಋಣಗಳೂ ನಮೂದಾಗುತ್ತವೆ. ಸೊಸೈಟಿಯ ಬೆಳೆಸಾಲವನ್ನು ಅಲ್ಲಿ ತಪ್ಪದೆ ನಮೂದಿಸುವ ಕಂದಾಯ ಇಲಾಖೆಗೆ, ಈ ಜಮೀನಿನ ಈಶಾನ್ಯ ಮೂಲೆಯಲ್ಲಿ ಒಂದು ಸಮಾಧಿಯುಂಟೆಂಬ ಇನ್ನೊಂದು ಸಾಲನ್ನು ಬರೆಯುವುದು ಭಾರವಾಗಲಾರದು. ಹಾಗೆ ಬರೆದರೆ ಜಮೀನಿನ ಬೆಲೆ ಇಳಿಯುವುದೆಂದು ಆಗಲೇ ಕೆಲವರು ಗೊಣಗುತ್ತಾರೆಂಬುದನ್ನು ಬಲ್ಲೆ. ಕೊಳ್ಳುವವನಿಗೆ ತಿಳಿಸದೆ ಸಮಾಧಿಸಮೇತ ಮಾರುವ ಹಕ್ಕು ತಮಗಿದೆಯೆಂದು ಅವರು ಬಹಿರಂಗವಾಗಿ ವಾದಿಸಲಿ. ಆಗ ಉತ್ತರ ಕೊಡೋಣ.